ಹಳೇ ಪೈಪಿನ ವಾಸನೆ ಕೂತಿರೋದು ಕತ್ತಿನಲ್ಲಿ

ಭಾನುವಾರ ಬೆಳಗ್ಗೆ ಏಳು ಗಂಟೆಗೆಲ್ಲ ನಾನು ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಇರುತ್ತೇನೆ. ತುಕ್ಕು ಹಿಡಿದ ಬೀಗ, ಮುಳ್ಳಿಲ್ಲದ ಗಡಿಯಾರ, ಒಂಟಿ ಬೂಟು. ಇವುಗಳ ಮಧ್ಯೆ ಅಪರೂಪಕ್ಕೊಮ್ಮೆ ಸೇದುವ ಪೈಪು ಕಣ್ಣಿಗೆ ಬೀಳುತ್ತದೆ. ಹೋದ ವರ್ಷ ಸಿಕ್ಕಿದ್ದಕ್ಕೆ ಮಾರುವವನು 800 ಹೇಳಿದ, 350ಕ್ಕೆ ಬಿಟ್ಟ.

ನಾನು ಸೇದುವುದಿಲ್ಲ. 2011ರಲ್ಲೇ ಸಿಗರೇಟು ಬಿಟ್ಟೆ. ಹಳೇ ಸಾಮಾನು ರಿಪೇರಿ ಮಾಡುವ ಚಟ ಮಾತ್ರ ಬಿಟ್ಟಿಲ್ಲ. ಸರಿಯಾದ ಪೈಪುಗಳು ಸಕಲೇಶಪುರದಲ್ಲಿರುವ ನಮ್ಮ ಸೋದರಮಾವನಿಗೆ ಹೋಗುತ್ತವೆ. ಎಪ್ಪತ್ತೆಂಟು ವರ್ಷ ಅವರಿಗೆ. ಬಿಡಿ ಅಂತ ಹೇಳಿ ಹೇಳಿ ನನಗೇ ಸಾಕಾಗಿದೆ.

ಆ ಪೈಪನ್ನು ಮನೆಗೆ ತಂದು ಮೇಜಿನ ಮೇಲೆ ಇಟ್ಟ ತಕ್ಷಣ ಹೆಂಡತಿ ಮೂಗು ಮುಚ್ಚಿಕೊಂಡಳು. "ಇದೇನ್ರೀ, ಯಾರಾದ್ರೂ ಸೋಪು ತುಂಬಿ ಸೇದಿದ್ರಾ?" ಅವಳು ಹೇಳಿದ್ದು ಹೆಚ್ಚುಕಡಿಮೆ ಸರಿಯೇ. ಇಂಗ್ಲೆಂಡಿನ ಕೆಂಡಲ್ ಊರಿನ ಕಡೆಯ ಕೆಲವು ತಂಬಾಕುಗಳಿಗೆ ಹೂವಿನ ಎಸೆನ್ಸ್, ಟೊಂಕಾ ಬೀಜದ ಪರಿಮಳ ಎಲ್ಲ ಹಾಕುತ್ತಾರೆ. ಆ ಸೀಮೆಯ ಹೆಸರಿನಿಂದಲೇ ಪೈಪಿನವರು ಇದನ್ನು ಲೇಕ್‌ಲ್ಯಾಂಡ್ ಅನ್ನುತ್ತಾರೆ. ಒಂದು ಸಲ ಹತ್ತಿಕೊಂಡರೆ ಇಂಗಿನ ಡಬ್ಬಿ ಇದ್ದ ಹಾಗೆ, ಆಮೇಲೆ ಏನು ತುಂಬಿದರೂ ಅದೇ ವಾಸನೆ. ಇದಕ್ಕೆ ಸಮನಾದ ಇನ್ನೊಂದು ಲಟಾಕಿಯ. ಸಿರಿಯಾದಲ್ಲಿ, ಆಮೇಲೆ ಸೈಪ್ರಸ್ಸಿನಲ್ಲಿ, ಸೌದೆ ಹೊಗೆ ಹಾಕಿ ಹದ ಮಾಡಿದ ಎಲೆ ಅದು. ಮಲೆನಾಡಿನ ಅಡುಗೆಮನೆಯ ಅಟ್ಟ ಹತ್ತಿದವರಿಗೆ ಆ ವಾಸನೆ ಗೊತ್ತು. ವೆನಿಲಾ, ಚೆರಿ ಹಾಕಿದ ತಂಬಾಕಿನ ವಾಸನೆ ಅಷ್ಟು ಹಟ ಮಾಡುವುದಿಲ್ಲ.

ಹೀಗೆ ಉಳಿದುಕೊಂಡ ವಾಸನೆಗೆ ಪೈಪಿನವರು ಇಟ್ಟ ಹೆಸರು 'ಘೋಸ್ಟ್'. ದೆವ್ವ ಅಂತಲೇ.

ಬಿಡಿಸೋಕೆ ಮೊದಲು ಅದು ಎಲ್ಲಿ ಕೂತಿದೆ ಅಂತ ನೋಡಬೇಕು. ಎಲ್ಲರೂ ತಪ್ಪು ಮಾಡುವುದು ಇಲ್ಲೇ. ತಂಬಾಕು ತುಂಬುವ ಬಟ್ಟಲನ್ನು ಉಜ್ಜಿ ಉಜ್ಜಿ ಹೊಳಪು ಬರಿಸುತ್ತಾರೆ, ವಾಸನೆ ಹಾಗೇ ಇರುತ್ತದೆ. ಪೈಪಿನ ಕಪ್ಪು ಸ್ಟೆಮ್ಮನ್ನು, ಅಂದರೆ ಬಾಯಿಗಿಡುವ ನಳಿಕೆಯನ್ನು, ಬಿಚ್ಚಿ. ಬಟ್ಟಲು, ಸ್ಟೆಮ್ಮು ಕೂರುವ ಮರದ ಕತ್ತು, ಸ್ಟೆಮ್ಮು, ಮೂರನ್ನೂ ಬೇರೆ ಬೇರೆಯಾಗಿ ಮೂಸಿ. ನಾನು ಮೂಸಿದ ಹತ್ತರಲ್ಲಿ ಏಳೆಂಟಕ್ಕೆ ಕತ್ತೇ ಜಾಸ್ತಿ ನಾರುತ್ತಿತ್ತು. ಸ್ಟೆಮ್ಮಿನ ಮೂತಿ ಕತ್ತಿನ ತೂತಿನ ತಳ ಮುಟ್ಟುವುದಿಲ್ಲ, ಒಂದೆರಡು ಮಿಲಿಮೀಟರ್ ಜಾಗ ಉಳಿಯುತ್ತದೆ. ಹೊಗೆಯ ತೇವ ಅಲ್ಲಿ ತಣ್ಣಗಾಗಿ, ವರ್ಷಗಟ್ಟಲೆ ಕೂತು, ಬೆಲ್ಲದ ಪಾಕದ ಹಾಗೆ ಕಪ್ಪಗೆ ಗಟ್ಟಿಯಾಗಿರುತ್ತದೆ.

ಬಿಚ್ಚುವಾಗ ಎಚ್ಚರ. ಬಿಸಿ ಇರುವ ಪೈಪನ್ನು ಬಿಚ್ಚಲೇಬೇಡಿ, ಕತ್ತು ಸೀಳುತ್ತದೆ. ತಣ್ಣಗಿರುವಾಗ, ಎಳೆಯದೆ, ತಿರುಗಿಸುತ್ತಾ ತೆಗೆಯಿರಿ. ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಮನೆಯವರಿಗೆ ಮೊದಲೇ ಹೇಳಿ ಇಡಿ.

ಬಟ್ಟಲಿನ ಕೆಲಸ ಸುಲಭ. ಒಳಗೆ ಗೋಡೆಗೆ ಕರಿ ಕಟ್ಟಿರುತ್ತದೆ. ಸೇದುವವರು ಒಂದು ಮಿಲಿಮೀಟರಿನಷ್ಟು ಕರಿ ಬೇಕು ಅನ್ನುತ್ತಾರೆ, ಮರ ಸುಡದಿರಲಿ ಅಂತ. ಜಾಸ್ತಿ ದಪ್ಪವಾದರೆ ಕಾದಾಗ ಹಿಗ್ಗಿ ಬಟ್ಟಲನ್ನೇ ಸೀಳಬಹುದು. ವಾಸನೆ ಹೋಗಬೇಕು ಅಂದರೆ ಆ ಆಸೆ ಬಿಡಿ, ಮರ ಕಾಣುವವರೆಗೂ ತೆಗೆಯಿರಿ. ಮೊದಲನೇ ಪೈಪಿಗೆ ನಾನು ಚಾಕು ಹಾಕಿ ಒಳಗೆಲ್ಲ ಗೀರು ಮಾಡಿದೆ. ಈಗ ಬೆರಳು ದಪ್ಪದ ಕೋಲಿಗೆ 80 ನಂಬರಿನ ಉಪ್ಪುಕಾಗದ ಸುತ್ತಿ ತಿರುಗಿಸುತ್ತೇನೆ, ಕೊನೆಗೆ 220. ಆ ಕರಿ ಧೂಳು ಮೂಗಿಗೆ ಹೋಗುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ಕತ್ತಿಗೆ ಬೇಕಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಎಸ್‌ಪಿ ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಒರೆಸಲು ಮಾರುತ್ತಾರಲ್ಲ, ಅದೇ. 99 ಪರ್ಸೆಂಟಿನದು ಕೇಳಿ ತೆಗೆದುಕೊಳ್ಳಿ. ಮೆಡಿಕಲ್ ಶಾಪಿನ 70 ಪರ್ಸೆಂಟಿನದರಲ್ಲಿ ಉಳಿದದ್ದು ಬಹುತೇಕ ನೀರು, ಮರ ಉಬ್ಬುತ್ತದೆ. ಪೈಪು ಮಾಡುವುದು ಬ್ರೈಯರ್ ಅನ್ನುವ ಮರದಲ್ಲಿ. ಮೆಡಿಟರೇನಿಯನ್ ಕಡೆ ಬೆಳೆಯುವ ಒಂದು ಪೊದೆಯ ಬೇರಿನ ಗಂಟು ಅದು, ಎಷ್ಟು ಗಟ್ಟಿಯೋ ಅಷ್ಟೇ ಹೀರಿಕೊಳ್ಳುವ ಗುಣ. ನಲ್ಲಿ ಕೆಳಗೆ ಹಿಡಿದು ತೊಳೆಯುವ ಯೋಚನೆ ಬೇಡ.

ಇಯರ್ ಬಡ್ಸ್ ಆಲ್ಕೋಹಾಲಿನಲ್ಲಿ ಅದ್ದಿ ಕತ್ತಿನೊಳಗೆ ತಿರುಗಿಸಿ. ಮೊದಲನೆಯದು ಗಟ್ಟಿ ಡಿಕಾಕ್ಷನ್ ಬಣ್ಣದಲ್ಲಿ ಹೊರಗೆ ಬರುತ್ತದೆ. ಐದಾರು ಆದ ಮೇಲೆ ಎರಡನೇ ಸಲ ಹಾಕಿದ ಡಿಕಾಕ್ಷನ್. ಹನ್ನೆರಡರ ಹೊತ್ತಿಗೆ ರೈಲಿನ ಟೀ. ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಚಿಕ್ಕ ಚಪ್ಪಟೆ ಸ್ಕ್ರೂಡ್ರೈವರಿನಿಂದ ತೂತಿನ ಗೋಡೆಯನ್ನು ಮೆಲ್ಲಗೆ ಕೆರೆಯಿರಿ. ಕಪ್ಪು ಜಿಡ್ಡು ಸುರುಳಿ ಸುರುಳಿಯಾಗಿ ಬರುತ್ತದೆ, ಬಡ್ಸ್ ಮತ್ತೆ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅಸಲಿ ಮಾಲು ಇದೇ. ಆ 350 ರೂಪಾಯಿ ಪೈಪಿಗೆ ಒಂದೇ ಸಂಜೆ 23 ಬಡ್ಸ್ ಬಳಸಿದೆ. ಹೊಗೆ ಹೋಗುವ ಸಣ್ಣ ದಾರಿಗೆ ಅದೇ ಅಳತೆಯ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ತಿರುಗಿಸಿ. ಮೆಷಿನ್ನಿಗೆ ಹಾಕಬೇಡಿ, ದಾರಿ ದೊಡ್ಡದಾದರೆ ಪೈಪು ಕೆಟ್ಟಿತು. ಆಮೇಲೆ ಪೈಪ್ ಕ್ಲೀನರ್, ಅಂದರೆ ನೂಲು ಸುತ್ತಿದ ತೆಳು ತಂತಿ. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟಿಗೆ ಸಿಗುವ ಬಣ್ಣದ ಕಡ್ಡಿ ಬೇಡ, ಅದರ ನೂಲು ಒಳಗೇ ಉದುರುತ್ತದೆ.

ಮರದ ಒಳಕ್ಕೆ ಇಳಿದದ್ದಕ್ಕೆ ರಾತ್ರಿಯ ಚಿಕಿತ್ಸೆ. ಹಳಬರು ಬಟ್ಟಲಿಗೆ ಕಲ್ಲುಪ್ಪು ತುಂಬಿ ಆಲ್ಕೋಹಾಲ್ ಹನಿಸುತ್ತಾರೆ. ಕೆಲಸ ಮಾಡುತ್ತದೆ. ಆದರೆ ಉಪ್ಪು ಮರದೊಳಗೆ ಇಳಿದರೆ ಬಿರುಕು ಬಿಡುತ್ತದೆ ಅನ್ನುವವರಿದ್ದಾರೆ, ನಾನೂ ಆ ಪೈಕಿ. ಹತ್ತಿಯೇ ಸಾಕು. ದೀಪದ ಬತ್ತಿ ಹೊಸೆದ ಹಾಗೆ ಉದ್ದಕ್ಕೆ ಹೊಸೆದು ಕತ್ತಿಗೆ ತುರುಕಿ, ಬಟ್ಟಲಿಗೂ ತುಂಬಿ. ಸೂಜಿ ತೆಗೆದ ಸಿರಿಂಜಿನಲ್ಲಿ ನಿಧಾನವಾಗಿ ಆಲ್ಕೋಹಾಲ್ ಬಿಡಿ, ಅಂಚಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿ. ಹೊರಗೆ ಸುರಿದರೆ ಪಾಲಿಶ್ ಎದ್ದು ಹೋಗುತ್ತದೆ. ಒಂದು ಪೈಪಿನ ಅಂಚು ನನ್ನ ಕೈಯಲ್ಲಿ ಹಾಗೇ ಬೆಳ್ಳಗಾಗಿದೆ. ಮೊಟ್ಟೆ ಟ್ರೇಯಲ್ಲಿ ಬಟ್ಟಲು ಕೂರಿಸಿ, ಕತ್ತು ಮೇಲಕ್ಕೆ ಇರುವ ಹಾಗೆ ವಾಲಿಸಿ ರಾತ್ರಿ ಬಿಡಿ. ಬೆಳಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹೊಸ ಹತ್ತಿ, ಇನ್ನೊಂದು ರಾತ್ರಿ. ಲೇಕ್‌ಲ್ಯಾಂಡಿಗೆ ನಾಲ್ಕು ರಾತ್ರಿ ಬೇಕಾಯಿತು. ಕಿಟಕಿ ತೆಗೆದಿರಲಿ, ಹತ್ತಿರ ಒಲೆ, ದೇವರ ದೀಪ ಏನೂ ಬೇಡ. ಆಮೇಲೆ ಒಂದು ವಾರ ಒಣಗಲಿ.

ಇದೆಲ್ಲ ಬ್ರೈಯರಿಗೆ ಮಾತ್ರ. ಮಿಯರ್‌ಶಾಮ್ ಅನ್ನುವ ಮೆತ್ತನೆ ಬಿಳೀ ಖನಿಜದ ಪೈಪಿಗೆ ಹೀಗೆ ಮಾಡಬೇಡಿ. ಮಣ್ಣಿನ ಪೈಪಾದರೆ ಕೆಂಡದಲ್ಲಿ ಸುಟ್ಟರೆ ಮುಗಿಯಿತು.

ಇನ್ನೂ ಉಳಿದರೆ ಇದ್ದಿಲು. ಅಕ್ವೇರಿಯಂ ಅಂಗಡಿಯ ಆಕ್ಟಿವೇಟೆಡ್ ಕಾರ್ಬನ್ನನ್ನು ಬಟ್ಟಲಿಗೆ ತುಂಬಿ ಓವನ್ನಿನಲ್ಲಿ 90 ಡಿಗ್ರಿಯಲ್ಲಿ ಮೂರು ಗಂಟೆ ಇಡಿ. ಆಲ್ಕೋಹಾಲ್ ಪೂರ್ತಿ ಒಣಗಿರಬೇಕು, ಸ್ಟೆಮ್ಮು ಬಿಚ್ಚಿರಬೇಕು. ನಾನೊಮ್ಮೆ ಸ್ಟೆಮ್ಮು ಸಮೇತ ಇಟ್ಟುಬಿಟ್ಟೆ. ತೆಗೆದು ನೋಡಿದರೆ ಚೆಂದಕ್ಕೆ ಬಗ್ಗಿದ್ದ ಸ್ಟೆಮ್ಮು ಸ್ಕೇಲಿನ ಹಾಗೆ ನೆಟ್ಟಗಾಗಿತ್ತು! ಗಟ್ಟಿ ರಬ್ಬರಿನ ಸ್ಟೆಮ್ಮು ಕಾದರೆ ತನ್ನ ಹಳೇ ಆಕಾರಕ್ಕೆ ಹೋಗುತ್ತದೆ ಅಂತ ಗೊತ್ತಾಗಿದ್ದು ಅವತ್ತು.

ಆ ರಬ್ಬರಿನಲ್ಲಿ ಗಂಧಕ ಇರುತ್ತದೆ. ಬಿಸಿಲಿಗೆ ಹಸಿರುಗಂದಾಗಿ ಕಹಿ ವಾಸನೆ ಕೊಡುತ್ತದೆ. ಹೊರಗೆ ಉಜ್ಜಲು 400, 1000, 2000 ನಂಬರಿನ ವಾಟರ್ ಪೇಪರ್, ಕೊನೆಗೆ ಬಿಳೀ ಟೂತ್‌ಪೇಸ್ಟ್. ಒಳಗೆ ಆಲ್ಕೋಹಾಲಿನಲ್ಲಿ ಅದ್ದಿದ ಕ್ಲೀನರ್. ಸ್ಟೆಮ್ಮು ಅಕ್ರಿಲಿಕ್ಕಾದರೆ ಆಲ್ಕೋಹಾಲ್ ಬೇಡ, ಸಣ್ಣ ಸಣ್ಣ ಬಿರುಕು ಬರುತ್ತದೆ. ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು ಸಾಕು.

ತಣ್ಣಗಿದ್ದಾಗ ಬರದ ವಾಸನೆ ಕಾದಾಗ ಬರುತ್ತದೆ, ಇದೊಂದು ನೆನಪಿರಲಿ. ನನ್ನ ಮೂಗಿಗೆ ಪೂರ್ತಿ ಹೋಗಿದೆ ಅನ್ನಿಸಿದ ಮೇಲೆಯೇ ಸಕಲೇಶಪುರಕ್ಕೆ ಕಳಿಸಿದ್ದು. ಎರಡು ದಿನ ಬಿಟ್ಟು ಮಾವ ಫೋನ್ ಮಾಡಿದರು. "ಎಲ್ಲಾ ಸರಿಯಾಗಿದೆ ಕಣೋ. ಅರ್ಧ ಸೇದೋ ಹೊತ್ತಿಗೆ ಮಾತ್ರ ಯಾಕೋ ಸ್ನಾನದಮನೆ ವಾಸನೆ ಬರುತ್ತೆ."

ವಾಪಸ್ ತರಿಸಿ ಕತ್ತಿಗೆ ಟಾರ್ಚ್ ಹಾಕಿ ನೋಡಿದೆ. ತಳದಲ್ಲಿ, ಸ್ಕ್ರೂಡ್ರೈವರ್ ತಲುಪದ ಮೂಲೆಯಲ್ಲಿ, ಉಂಗುರದ ಹಾಗೆ ಇನ್ನೂ ಒಂದು ಕಪ್ಪು ಗೆರೆ. ಕೆರೆದಿದ್ದೇನೆ. ಈಗ ಮತ್ತೆ ಹತ್ತಿ ತುಂಬಿಸಿಕೊಂಡು ಮೊಟ್ಟೆ ಟ್ರೇಯಲ್ಲಿ ಕೂತಿದೆ.