ತಂಡಕ್ಕೆ ಅಡ್ಡಹೆಸರು ಬೇಕಾ? ಮೊದಲು ಊರಿನ ಕಸುಬು ಕೇಳಿ

ಕಾರವಾರದಿಂದ ಭಟ್ಕಳದವರೆಗೆ ಯಾವ ಟೂರ್ನಮೆಂಟಿನ ಬ್ಯಾನರ್ ನೋಡಿದರೂ ಟೈಗರ್ಸ್, ವಾರಿಯರ್ಸ್, ರಾಯಲ್ಸ್, ಕಿಂಗ್ಸ್. ಜೆರ್ಸಿ ಬಣ್ಣದ ಕತೆ ಇನ್ನೂ ಸುಲಭ. ಅಂಗಡಿಯಲ್ಲಿ ಯಾವುದು ಇತ್ತೋ ಅದು, ಇಲ್ಲವೇ ಕ್ಯಾಪ್ಟನ್ನಿಗೆ ಇಷ್ಟವಾದ ಯುರೋಪಿನ ಕ್ಲಬ್ಬಿನದು. ಹೊಸ ಫುಟ್‌ಬಾಲ್ ತಂಡ ಕಟ್ಟುತ್ತಿದ್ದರೆ, ಅಥವಾ ಹಳೇ ತಂಡಕ್ಕೇ ಹೊಸ ಜೆರ್ಸಿ ಮಾಡಿಸುವ ಯೋಚನೆ ಇದ್ದರೆ, ಆರ್ಡರ್ ಕೊಡುವ ಮುಂಚೆ ಸ್ವಲ್ಪ ತಡೆಯಿರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಸರಿಗೇನೂ ಬರ ಇಲ್ಲ.

ಹುಡುಕಾಟವನ್ನು ರಾಜರಿಂದ ಶುರು ಮಾಡಬೇಡಿ, ಕೆಲಸದಿಂದ ಶುರು ಮಾಡಿ. ಇಂಗ್ಲೆಂಡಿನ ಕ್ಲಬ್ಬುಗಳ ಹೆಸರುಗಳೂ ಹೀಗೇ ಹುಟ್ಟಿದ್ದು. ಆರ್ಸೆನಲ್ ತಂಡವನ್ನು 1886ರಲ್ಲಿ ಕಟ್ಟಿದವರು ವೂಲ್ವಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರು, ಅದಕ್ಕೇ ಗನ್ನರ್ಸ್, ಅದಕ್ಕೇ ಲಾಂಛನದಲ್ಲಿ ಫಿರಂಗಿ. ವೆಸ್ಟ್ ಹ್ಯಾಮ್ 1895ರಲ್ಲಿ ಥೇಮ್ಸ್ ದಂಡೆಯ ಹಡಗು ಕಟ್ಟುವ ಕಂಪನಿಯ ತಂಡವಾಗಿ ಹುಟ್ಟಿತು. ಅದರ ಲಾಂಛನದಲ್ಲಿರುವುದು ಹಡಗಿಗೆ ರಿವೆಟ್ ಹೊಡೆಯುವ ಸುತ್ತಿಗೆಗಳು. ಲೂಟನ್‌ನಲ್ಲಿ ಹುಲ್ಲಿನ ಟೋಪಿ ಮಾಡುತ್ತಿದ್ದರು, ಹಾಗಾಗಿ ಹ್ಯಾಟರ್ಸ್. ನಾರ್ಥಾಂಪ್ಟನ್‌ನಲ್ಲಿ ಬೂಟು ಹೊಲಿಯುತ್ತಿದ್ದರು, ಹಾಗಾಗಿ ಕಾಬ್ಲರ್ಸ್. ಬೂಟು ಹೊಲಿಯುವವರು ಅಂತ ಕರೆಸಿಕೊಳ್ಳಲು ಅವರಿಗೆ ಒಂಚೂರೂ ಮುಜುಗರ ಇಲ್ಲ, ನಮಗೆ ಮಾತ್ರ ಸಿಂಹವೇ ಬೇಕು!

ಇನ್ನೊಂದು ವಿಷಯ. ಹೆಸರು ಮೊದಲು, ಬಣ್ಣ ಆಮೇಲೆ. ನಾರ್ವಿಚ್ ಸಿಟಿ 1902ರಲ್ಲಿ ಶುರುವಾದಾಗ ಅದರ ಬಣ್ಣ ನೀಲಿ-ಬಿಳಿ. ಆ ಊರಿನವರಿಗೆ ಕೆನರಿ ಹಕ್ಕಿ ಸಾಕುವ ಹುಚ್ಚು. ಜನ ತಂಡವನ್ನೇ ಕೆನರೀಸ್ ಅಂತ ಕರೆಯಲು ಶುರು ಮಾಡಿದರು, 1907ರಲ್ಲಿ ಜೆರ್ಸಿಯೂ ಹಳದಿ-ಹಸಿರಾಯಿತು. ಬಣ್ಣ ಸಿಗದಿದ್ದರೆ ಸಾಲ ತಂದರೂ ಪರವಾಗಿಲ್ಲ. ಆರ್ಸೆನಲ್‌ನ ಕೆಂಪು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೊಟ್ಟ ಜೆರ್ಸಿಗಳಿಂದ ಬಂದದ್ದು. ಫಾರೆಸ್ಟ್‌ನವರು ಅದನ್ನು ಇಟಲಿಯ ಗ್ಯಾರಿಬಾಲ್ಡಿಯ ಕೆಂಪಂಗಿ ಸೈನಿಕರಿಂದ ತೆಗೆದುಕೊಂಡಿದ್ದರು. ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಬಗ್ಗೆಯೂ ಒಂದು ಕತೆ ಇದೆ: ಯಾವ ಬಣ್ಣ ಅಂತ ಜಗಳವಾದಾಗ ಬಂದರಿಗೆ ಮೊದಲು ಬರುವ ಹಡಗಿನ ಬಾವುಟದ ಬಣ್ಣವೇ ನಮ್ಮದು ಅಂದರಂತೆ, ಬಂದದ್ದು ಸ್ವೀಡನ್ ಹಡಗು, ನೀಲಿ-ಹಳದಿ ಅಲ್ಲಿಗೆ ಗಟ್ಟಿಯಾಯಿತಂತೆ. ಕಾರವಾರ ಬಂದರಿನ ಹುಡುಗರು ಬೇಕಾದರೆ ಇದನ್ನೇ ಪ್ರಯತ್ನಿಸಬಹುದು, ಆದರೆ ಆಮೇಲೆ ಮಾತಿಗೆ ತಪ್ಪಬಾರದು.

ಈಗ ನಿಮ್ಮ ಊರಿಗೆ ಬನ್ನಿ. ಹಿರಿಯರ ಹತ್ತಿರ ಹೋಗಿ "ನಮ್ಮೂರ ಇತಿಹಾಸ ಹೇಳಿ" ಅಂತ ಕೇಳಬೇಡಿ, ಕೇಳಿದರೆ ಪುರಾಣದಿಂದಲೇ ಶುರುವಾಗುತ್ತದೆ. ಹಿಂದೆ ಇಲ್ಲಿಂದ ದೋಣಿಯಲ್ಲಿ, ಗಾಡಿಯಲ್ಲಿ ಏನು ಹೊರಗೆ ಹೋಗುತ್ತಿತ್ತು ಅಂತ ಕೇಳಿ. ಬೆಳಿಗ್ಗೆ ಜನ ಯಾವ ಹತ್ಯಾರ ಹಿಡಿದು ಮನೆ ಬಿಡುತ್ತಿದ್ದರು ಅಂತ ಕೇಳಿ. ಪಕ್ಕದ ಊರಿನವರು ನಮ್ಮನ್ನು ಏನಂತ ಚುಡಾಯಿಸುತ್ತಾರೆ ಅನ್ನುವುದಂತೂ ಕೇಳಲೇಬೇಕು, ಒಳ್ಳೇ ಹೆಸರುಗಳು ಅಡಗಿ ಕೂತಿರುವುದು ಅಲ್ಲೇ. ಲೈಬ್ರರಿಗೆ ಹೋಗುವ ಉತ್ಸಾಹ ಇದ್ದರೆ ಬ್ರಿಟಿಷರ ಕಾಲದ ಬಾಂಬೆ ಗೆಜೆಟಿಯರ್‌ನಲ್ಲಿ ಕೆನರಾ ಜಿಲ್ಲೆಯ ಸಂಪುಟ ನೋಡಿ, 1883ರದ್ದು. ಊರೂರಿನ ಬಂದರು, ಬೆಳೆ, ವ್ಯಾಪಾರ ಎಲ್ಲ ಅದರಲ್ಲಿದೆ.

ಕುಮಟಾದವರು ಇದನ್ನು ತೆಗೆದು ನೋಡಿದರೆ ಖುಷಿಪಡುತ್ತಾರೆ. ಘಟ್ಟದ ಮೇಲಿನ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಹೊರಗಿನ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾದ್ದೇ ಹೆಸರು. ಬೆಳೆದದ್ದು ಬೇರೆಯವರು, ಹೆಸರು ಬಂದದ್ದು ಇವರಿಗೆ, ಎದುರಾಳಿಗೆ ಕಾಲೆಳೆಯಲು ಇಷ್ಟು ಸಾಕಲ್ವಾ? ಅಂಕೋಲಾಕ್ಕೆ ಯೋಚನೆಯೇ ಬೇಡ. 1930ರ ಉಪ್ಪಿನ ಸತ್ಯಾಗ್ರಹ ಇದೆ, ಆಮೇಲಿನ ಕರನಿರಾಕರಣೆ ಇದೆ. ಉಪ್ಪಿನ ಹೆಸರು, ಬಿಳಿ ಜೆರ್ಸಿ, ಮುಗೀತು.

ಹೊನ್ನಾವರ-ಗೇರುಸೊಪ್ಪೆ ಕಡೆಯವರು ರಾಣಿ ಚೆನ್ನಭೈರಾದೇವಿಯ ಚಿತ್ರ ಹಾಕಲು ಹೊರಡುತ್ತಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಪೋರ್ಚುಗೀಸರು ಅವಳನ್ನು ಕರೆದದ್ದೇ ಕಾಳುಮೆಣಸಿನ ರಾಣಿ ಅಂತ. ರಾಣಿಗಿಂತ ಮೆಣಸು ಹಿಡಿದರೆ ಬಣ್ಣ ತಾನಾಗಿ ಬರುತ್ತದೆ: ಬಳ್ಳಿಯಲ್ಲಿ ಹಸಿರು, ಹಣ್ಣಾದರೆ ಕೆಂಪು, ಒಣಗಿದರೆ ಕಪ್ಪು. ಮೈಗೆ ಕಪ್ಪು, ಕಾಲರಿಗೆ ಹಸಿರು, ನಂಬರಿಗೆ ಕೆಂಪು ಅಂತ ಹಂಚಲು ಹೋಗಬೇಡಿ ಮಾತ್ರ. ಕಪ್ಪಿನ ಮೇಲೆ ಕೆಂಪು ನಂಬರು ದೂರಕ್ಕೆ ಕಾಣುವುದೇ ಇಲ್ಲ. ನಂಬರು ಬಿಳಿಯಲ್ಲೇ ಇರಲಿ.

ಕಾರವಾರದವರಿಗೆ ನನ್ನ ಮತ ರಂಪಣಿಗೆ. ದೋಣಿಯಲ್ಲಿ ಬಲೆ ಬೀಸಿ ಬಂದು, ದಂಡೆಯ ಎರಡೂ ತುದಿಯಲ್ಲಿ ಸಾಲುಗಟ್ಟಿ ನಿಂತು ಊರಿಗೆ ಊರೇ ಹಗ್ಗ ಎಳೆಯುವುದು, ಬಂದ ಮೀನಿನಲ್ಲಿ ಎಲ್ಲರಿಗೂ ಪಾಲು. ಫುಟ್‌ಬಾಲ್ ತಂಡಕ್ಕೆ ಇದಕ್ಕಿಂತ ಒಳ್ಳೇ ಗುರುತು ಇನ್ನೇನು ಬೇಕು, ಗೋಲಿಗೂ ಬಲೆಯೇ ಇದೆ. ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಸೊರಗಿತು, ಹಾಗಾಗಿ ಹೆಸರಾದರೂ ಮೈದಾನದಲ್ಲಿ ಉಳಿಯಲಿ ಅನ್ನುವ ಆಸೆಯೂ ಇದೆ ಅನ್ನಿ. ಕೊಂಕಣಿಯವರ ಬಾಯಲ್ಲೂ ಕನ್ನಡದವರ ಬಾಯಲ್ಲೂ ಸಲೀಸಾಗಿ ಬರುವ ಹೆಸರು ಅದು. ಬಣ್ಣಕ್ಕೆ ಬಂಗಡೆ ಸಾಕು, ಬೆನ್ನಿನ ನೀಲಿ-ಹಸಿರು, ಹೊಟ್ಟೆಯ ಬೆಳ್ಳಿ. ಸೋತ ದಿನ "ಬಂಗಡೆ ಫ್ರೈ" ಅಂತ ಕೂಗುತ್ತಾರೆ, ಕೂಗಲಿ ಬಿಡಿ. ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಅಂದರೆ ಹಿಲ್ಸಾ ಮೀನು, ಮೋಹನ್ ಬಗಾನ್ ಅಂದರೆ ಸಿಗಡಿ. ಕೆಂಪು-ಹಳದಿಯವರು, ಹಸಿರು-ಮರೂನ್‌ನವರು ತಲೆಮಾರುಗಳಿಂದ ಮೀನಿನ ಹೆಸರಲ್ಲೇ ಕಿತ್ತಾಡುತ್ತಿದ್ದಾರೆ, ಅಭಿಮಾನ ಅದರಿಂದ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಶಿರಸಿಯವರು ಕದಂಬ ಅಂತ ಇಡಲು ಹೋಗುತ್ತಾರೆ, ಬನವಾಸಿ ಪಕ್ಕದಲ್ಲೇ ಇದೆಯಲ್ಲ. ಕಷ್ಟ ಏನೆಂದರೆ ಕಾರವಾರದ ನೌಕಾನೆಲೆಯೂ ಕದಂಬ, ಗೋವಾದ ಸರ್ಕಾರಿ ಬಸ್ಸೂ ಕದಂಬ. ಗೋವಾದಲ್ಲಿ ಮ್ಯಾಚ್ ಆಡಲು ಹೋದರೆ ನಿಮ್ಮನ್ನು ಡ್ರೈವರ್-ಕಂಡಕ್ಟರ್ ತಂಡ ಅಂದುಕೊಂಡಾರು. ಅದರ ಬದಲು ಕೊನೆಗೌಡ ಅಂತ ಇಡಿ. ಎತ್ತರದ ಅಡಿಕೆ ಮರ ಹತ್ತಿ, ಕೊನೆ ಕೊಯ್ದು, ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಮನುಷ್ಯನಿಗಿಂತ ಗಟ್ಟಿ ಆಟಗಾರ ಯಾರು? ಬಣ್ಣ ಕೆಂಪಡಿಕೆಯದು. 1983ರಲ್ಲಿ ಸಾಲ್ಕಣಿಯಲ್ಲಿ ಮರ ತಬ್ಬಿಕೊಂಡು ಕಾಡು ಉಳಿಸಿದ ಅಪ್ಪಿಕೋ ಚಳವಳಿಯೂ ಇದೆ, ಒಳ್ಳೇ ಹೆಸರು, ಆದರೆ ಡಿಫೆಂಡರ್‌ಗಳು ಎದುರಾಳಿಯನ್ನೇ ಅಪ್ಪಿಕೊಂಡರೆ ಪೆನಾಲ್ಟಿ.

ಒಂದು ಎಚ್ಚರಿಕೆ. ಊರಿನ ಇತಿಹಾಸ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಸೀಬರ್ಡ್ ಅಂತ ಹೆಸರು ಕೇಳಲು ಚೆಂದ, ಆದರೆ ಅದು ಕಾರವಾರದ ನೌಕಾನೆಲೆ ಯೋಜನೆಯ ಹೆಸರು, ಆ ಯೋಜನೆಗೆ ಮನೆ-ಜಮೀನು ಬಿಟ್ಟು ಬಂದ ಕುಟುಂಬಗಳ ಮಕ್ಕಳು ನಿಮ್ಮ ತಂಡದಲ್ಲೇ ಇರಬಹುದು. ಹಾಲಕ್ಕಿ ಹೆಂಗಸರ ಮಣಿಸರವನ್ನೋ ಸಿದ್ದಿಗಳ ಕುಣಿತವನ್ನೋ ಸುಮ್ನೆ ಚೆಂದಕ್ಕೆ ಅಂತ ಲಾಂಛನಕ್ಕೆ ಎಳೆಯಬೇಡಿ. ಯಾರ ಕೆಲಸದ ಹೆಸರು ಇಡುತ್ತೀರೋ ಅವರನ್ನು ಮೊದಲು ಕೇಳಿ, ಅವರ ಮನೆ ಹುಡುಗರು ತಂಡದಲ್ಲಿದ್ದಾರೋ ನೋಡಿ. ಕೊನೆಗೌಡ ಅಂತ ಹೆಸರಿಟ್ಟು, ಮರ ಹತ್ತುವವರ ಮಗನನ್ನು ಬೆಂಚಿನ ಮೇಲೂ ಕೂರಿಸದಿದ್ದರೆ ಅದು ಹೆಸರಲ್ಲ, ಕಳ್ಳತನ. ಟಾಗೋರರು ಕಾರವಾರಕ್ಕೆ ಬಂದಿದ್ದರು, ಕಡಲತೀರಕ್ಕೆ ಅವರ ಹೆಸರಿದೆ, ಎಲ್ಲ ಸರಿ. ಆದರೆ ಅವರು ನೆಂಟರು. ತಂಡದ ಹೆಸರು ಮನೆಯವರದ್ದಾಗಿರಲಿ.

ಬಣ್ಣ ಹೇಳುವಾಗ ಪ್ರಿಂಟಿಂಗ್ ಅಂಗಡಿಗೆ ಮೊಬೈಲ್ ಫೋಟೋ ಕಳಿಸಬೇಡಿ, ಸ್ಕ್ರೀನಿನಲ್ಲಿ ಒಂದು, ಬಟ್ಟೆಯಲ್ಲಿ ಇನ್ನೊಂದು ಆಗುತ್ತದೆ. ಅಡಿಕೆಯನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಬಟ್ಟೆಯ ತುಂಡಿನ ಮೇಲೆ ಒಂದು ಸ್ಯಾಂಪಲ್ ಹೊಡೆಸಿ, ಬಿಸಿಲಲ್ಲಿ ಹಿಡಿದು ನೋಡಿ. ಬಂಗಡೆಯಾದರೆ ಅಂಗಡಿಯವರ ಅನುಮತಿ ಕೇಳಿ. ಬಿಳಿ ಜೆರ್ಸಿ ಆರಿಸಿದವರು ನಮ್ಮ ಕೆಂಪು ಮಣ್ಣನ್ನು ನೆನಪಿಟ್ಟುಕೊಳ್ಳಿ, ಮಳೆಯಲ್ಲಿ ಆಡಿದ ಮೇಲೆ ಅದು ಬಿಳಿಯಾಗಿ ಉಳಿಯುವುದಿಲ್ಲ. ಚಡ್ಡಿ-ಸಾಕ್ಸಾದರೂ ಗಾಢ ಬಣ್ಣದ್ದು ಮಾಡಿಸಿ. ಎರಡೂ ತಂಡ ಮತ್ತು ರೆಫರಿ ಬೇರೆ ಬೇರೆ ಬಣ್ಣ ಹಾಕಬೇಕೆಂಬುದು ಆಟದ ನಿಯಮ, ಗೋಲ್‌ಕೀಪರ್‌ನದೂ ಬೇರೆ ಇರಬೇಕು. ಕಪ್ಪು ಆರಿಸಿದರೆ ಕಪ್ಪಂಗಿ ರೆಫರಿ ಎದುರಾಗುತ್ತಾರೆ. ಹಾಗಾಗಿ ದುಡ್ಡು ಕಡಿಮೆ ಇದ್ದರೂ ಎರಡನೇ ಬಣ್ಣದ ಒಂದು ಸೆಟ್ ಮಾಡಿಸಿಡಿ.

ಕೊನೆಗೆ ಲಾಂಛನದ ಕೆಳಗೆ ಇಸವಿ ಹಾಕಲು ಎಲ್ಲರಿಗೂ ಕೈ ತುರಿಸುತ್ತದೆ. ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರದ ಕೋಠಿ ಹಾಕಿದ್ದು 1638ರಲ್ಲಿ, ನಿಮ್ಮ ತಂಡ ಅಲ್ಲ. ನೀವು ಹೋದ ವರ್ಷ ಶುರು ಮಾಡಿದ್ದರೆ ಹೋದ ವರ್ಷದ್ದೇ ಹಾಕಿ.