ಕರಾವಳಿಯ ಸೆಕೆಯಲ್ಲಿ ವ್ಯಾಯಾಮ ಮಾಡುವವರಿಗೆ

ಏಪ್ರಿಲ್‌ನಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟಿರುವಾಗ ಮಂಗಳೂರಿನಲ್ಲಿ 34 ಇರುವುದನ್ನು ಕಂಡು, ಇಲ್ಲಿ ಓಡುವುದಕ್ಕೇನು ಅಡ್ಡಿ ಎಂದುಕೊಳ್ಳುವವರಿದ್ದಾರೆ. ಆದರೆ ಇಂಥ ಸೆಕೆಯಲ್ಲಿ ದೇಹ ತಣಿಯುವುದು ಮುಖ್ಯವಾಗಿ ಬೆವರು ಆವಿಯಾದಾಗ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೊರಹೋಗುತ್ತದೆ. ನಮ್ಮ ತೇವದ ಗಾಳಿಯಲ್ಲಿ ಅದರ ಬಹುಪಾಲು ಆರದೆ, ಗಲ್ಲದಿಂದ ತೊಟ್ಟಿಕ್ಕಿ ವ್ಯರ್ಥವಾಗುತ್ತದೆ.

ಹಾಗಾಗಿ ನಾನು ಮೊಬೈಲ್‌ನಲ್ಲಿ ಉಷ್ಣಾಂಶ ನೋಡುವುದಕ್ಕಿಂತ ಹೆಗಲ ಮೇಲಿನ ಬೈರಾಸನ್ನೇ (ಟವೆಲನ್ನೇ) ಹೆಚ್ಚು ನಂಬುತ್ತೇನೆ. ಹತ್ತು ನಿಮಿಷ ನಡೆದ ಬಳಿಕ ನೆರಳಲ್ಲಿ ನಿಂತು ಮುಂಗೈ ಒರೆಸಿಕೊಂಡಾಗ, ಎರಡೇ ನಿಮಿಷದಲ್ಲಿ ಅದು ಮತ್ತೆ ಒದ್ದೆಯಾಗಿ ಹನಿಯತೊಡಗಿದರೆ, ಆ ದಿನ ಓಟವನ್ನು ಬಿಟ್ಟು ನಡಿಗೆಗಷ್ಟೇ ತೃಪ್ತಿಪಟ್ಟುಕೊಳ್ಳುವುದು ಒಳ್ಳೆಯದು. ಬೆಳಗಿನ ಜಾವ ಗಾಳಿಯಲ್ಲಿ ತೇವ ಹೆಚ್ಚಿದ್ದರೂ ಬಿಸಿಲಿರುವುದಿಲ್ಲವಾದ್ದರಿಂದ ಏಳೂವರೆಯೊಳಗೆ ಮುಗಿಸಬೇಕು. ಸಂಜೆಯಾದರೆ, ಕಡಲ ಗಾಳಿ ಬೀಸುವ ಮಲ್ಪೆ ಅಥವಾ ಪಣಂಬೂರಿನ ದಂಡೆ ಕಾದ ಕಾಂಕ್ರೀಟ್ ರಸ್ತೆಗಿಂತ ಎಷ್ಟೋ ವಾಸಿ.

ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ದಿನವಿಡೀ ಎಸಿಯಲ್ಲಿ ಕೂರುವವರು ಮತ್ತು ಬೆಂಗಳೂರಿನಿಂದ ರಜೆಗೆ ಬಂದವರು ಮೊದಲ ದಿನಗಳಲ್ಲಿ ಇಪ್ಪತ್ತು ನಿಮಿಷ, ಅದೂ ಮಾತನಾಡಲು ಸಾಧ್ಯವಾಗುವ ವೇಗದಲ್ಲಿ, ಮಾಡಿದರೆ ಸಾಕು.

ಕುಡಿಯುವ ವಿಷಯದಲ್ಲಿ ತೂಕದ ಯಂತ್ರವೇ ಉತ್ತಮ ಮಾರ್ಗದರ್ಶಿ: ವ್ಯಾಯಾಮದ ಬಳಿಕ ಒಂದು ಕಿಲೋ ಇಳಿದಿದ್ದರೆ ಸರಿಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ, ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ ಎಂದರ್ಥ. ಬೊಂಡ (ಎಳನೀರು) ಕುಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಉಪ್ಪು ಬೆರೆಸಿದ ಕುಚ್ಚಲಕ್ಕಿ ಗಂಜಿಯ ತಿಳಿ ಆ ಕೊರತೆಯನ್ನು ತುಂಬುತ್ತದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ತಲೆನೋವು, ವಾಕರಿಕೆ, ತಲೆಸುತ್ತು ಅಥವಾ ಬಿಸಿಲಲ್ಲೂ ಚಳಿಯಾದಂತೆ ಮೈ ಜುಮ್ಮೆನ್ನುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ನೆರಳು ಸೇರಬೇಕು. ಜೊತೆಗಿದ್ದವರ ಮಾತು ತೊದಲಿದರೆ, ತಾನೆಲ್ಲಿದ್ದೇನೆಂಬುದೇ ಅವರಿಗೆ ತಿಳಿಯದಂತಾದರೆ ಅಥವಾ ಕುಸಿದುಬಿದ್ದರೆ, ಅದನ್ನು ಉಷ್ಣಾಘಾತವೆಂದೇ ಭಾವಿಸಿ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಬಾವಿಯದೋ ನಳ್ಳಿಯದೋ ತಣ್ಣೀರನ್ನು ಮೈಮೇಲೆ ಸುರಿಯುತ್ತಾ ಗಾಳಿ ಹಾಕುತ್ತಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ವ್ಯಾಯಾಮದಿಂದಾದ ಉಷ್ಣಾಘಾತದಲ್ಲಿ ಮೈ ಬೆವರುತ್ತಲೇ ಇರಬಹುದಾದ್ದರಿಂದ, ಚರ್ಮ ಒದ್ದೆಯಿದೆ ಎಂದು ತಡಮಾಡಬಾರದು.