ಹೀಲಾ ಕೋಶದಲ್ಲಿ ಪಿ53ರ ಯುಬಿಕ್ವಿಟಿನ್ ಏಣಿ ಕಾಣಿಸುವ ಬಗೆ

ಹೀಲಾ ಕೋಶದಲ್ಲಿ (ಲ್ಯಾಬುಗಳಲ್ಲಿ ಬೆಳೆಸುವ ಗರ್ಭಕಂಠದ ಕ್ಯಾನ್ಸರ್ ಕೋಶ) ಗಡ್ಡೆ ತಡೆಯುವ ಪ್ರೋಟೀನಾದ ಪಿ53 ತಯಾರಾಗುತ್ತಲೇ ಇರುತ್ತದೆ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಬ್ಲಾಟ್‌ನಲ್ಲಿ ಮಾತ್ರ ಕಂಡೂ ಕಾಣದಂತಿರುತ್ತದೆ. ಆ ಕೋಶದಲ್ಲಿರುವ ಎಚ್‌ಪಿವಿ-18 ವೈರಸ್‌ನ ಇ6 ಪ್ರೋಟೀನು ಕೋಶದ್ದೇ ಆದ ಇ6ಎಪಿ ಕಿಣ್ವವನ್ನು ಪಿ53 ಮೇಲೆ ಛೂಬಿಡುತ್ತದೆ. ಕಿಣ್ವ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿ ಅಂಟಿಸುತ್ತದೆ, ಪ್ರೋಟೀನು ಕತ್ತರಿಸುವ ಕೋಶದ ಯಂತ್ರವಾದ ಪ್ರೋಟಿಯಾಸೋಮ್ ಅದನ್ನು ನೋಡಿ ಪಿ53ಯನ್ನು ಚೂರು ಮಾಡುತ್ತದೆ. ಈ ಕೊನೆಯ ಹಂತವನ್ನು ತಡೆದರೆ ಸರಪಳಿ ಸಮೇತ ಪಿ53 ಸಿಗುತ್ತದೆ, ಬ್ಲಾಟ್‌ನಲ್ಲಿ ಅದು ಏಣಿಯಂತೆ ಕಾಣುತ್ತದೆ.

ತಡೆಯಲು ಎಂಜಿ-132 ಎಂಬ ಔಷಧ ಬಳಸುತ್ತೇನೆ. ಡಿಎಂಎಸ್‌ಒ ದ್ರಾವಕದಲ್ಲಿ 10 ಮಿಲಿಮೋಲಾರ್ ಸ್ಟಾಕ್ ಮಾಡಿ, ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿ ಇಡುವುದು. 1 ಮಿಲಿ ಮೀಡಿಯಾಕ್ಕೆ 1 ಮೈಕ್ರೋಲೀಟರ್ ಹಾಕಿದರೆ 10 ಮೈಕ್ರೋಮೋಲಾರ್. ಕಂಟ್ರೋಲ್ ತಟ್ಟೆಗೆ ಬರೀ ಡಿಎಂಎಸ್‌ಒ, ಅಷ್ಟೇ ಅಳತೆ. 4ರಿಂದ 6 ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಕೋಶಗಳು ದುಂಡಗಾಗಿ ತಳ ಬಿಡುತ್ತವೆ, ಆ ಬ್ಲಾಟ್ ಯಾವುದಕ್ಕೂ ಬಾರದು. ಎಂಜಿ-132ರ ಹಿಡಿತ ತೊಳೆದರೆ ಸಡಿಲವಾಗುತ್ತದೆ, ಹಾಗಾಗಿ ಮೀಡಿಯಾ ತೆಗೆದ ತಕ್ಷಣ ತಟ್ಟೆ ಐಸ್ ಮೇಲೆ.

ಏಣಿ ಕಾಣದೆ ಹೋಗುವುದು ಹೆಚ್ಚಾಗಿ ಕೋಶ ಒಡೆಯುವಾಗ. ಔಷಧ ಪ್ರೋಟಿಯಾಸೋಮನ್ನಷ್ಟೇ ತಡೆಯುತ್ತದೆ. ಯುಬಿಕ್ವಿಟಿನ್ ಕಿತ್ತುಹಾಕುವ ಕಿಣ್ವಗಳು ಕೋಶ ಒಡೆಯುವ ಬಫರ್‌ನಲ್ಲೂ ಕೆಲಸ ಬಿಡುವುದಿಲ್ಲ. ಅವುಗಳಲ್ಲಿ ಬಹುಪಾಲು ಸಿಸ್ಟೀನ್ ಎಂಬ ಅಮೈನೋ ಆಮ್ಲದ ಬಲದಿಂದ ನಡೆಯುವಂಥವು, ಎನ್‌ಇಎಂ (ಎನ್-ಈಥೈಲ್‌ಮ್ಯಾಲಿಮೈಡ್) ಎಂಬ ರಾಸಾಯನಿಕ ಆ ಸಿಸ್ಟೀನನ್ನೇ ಮುಚ್ಚುತ್ತದೆ. 50 ಮಿಲಿಗ್ರಾಂ ಎನ್‌ಇಎಂ 1 ಮಿಲಿ ಎಥನಾಲ್‌ನಲ್ಲಿ ಅಂದಂದೇ ಕರಗಿಸಿ, ಪ್ರತಿ ಮಿಲಿ ಬಫರ್‌ಗೆ 25 ಮೈಕ್ರೋಲೀಟರ್: 10 ಮಿಲಿಮೋಲಾರ್. ಕಣ್ಣು, ಚರ್ಮ ಎರಡಕ್ಕೂ ಕೆಟ್ಟದ್ದು, ಹುಡ್‌ನಲ್ಲೇ ತೂಗಿ. ಇದೇ ಬಫರ್‌ಗೆ ಅಭ್ಯಾಸಬಲದಿಂದ ಡಿಟಿಟಿ (ಪ್ರೋಟೀನಿನ ಗಂಧಕ ಬಂಧ ಬಿಡಿಸುವ ರಾಸಾಯನಿಕ) ಸುರಿದರೆ ಅದು ಎನ್‌ಇಎಂ ಅನ್ನು ನುಂಗಿಹಾಕುತ್ತದೆ. ಡಿಟಿಟಿ ಸೇರಬೇಕಾದ್ದು ಕೊನೆಗೆ, ಸ್ಯಾಂಪಲ್ ಬಫರ್‌ನಲ್ಲಿ.

ನನಗೆ ಇನ್ನೂ ನಂಬಿಕೆಯ ದಾರಿ 1% ಎಸ್‌ಡಿಎಸ್ ಎಂಬ ಪ್ರಬಲ ಡಿಟರ್ಜೆಂಟ್‌ನಲ್ಲಿ ಕೋಶ ಒಡೆದು 95 ಡಿಗ್ರಿಯಲ್ಲಿ 10 ನಿಮಿಷ ಕುದಿಸುವುದು. ಪಿ53ಗೆ ಬರೀ ಜೊತೆಗೂಡಿದ್ದ ಪ್ರೋಟೀನುಗಳೂ ಆಗ ಕಳಚುತ್ತವೆ. ಡಿಎನ್ಎ ಲೋಳೆಯಂತೆ ಎಳೆ ಬರುತ್ತದೆ. ಸಣ್ಣ ಸೂಜಿಯಲ್ಲಿ ಹತ್ತು ಸಲ ಎಳೆದು ಬಿಡಿ. ಟ್ರೈಟನ್ ಎಂಬ ಮೃದು ಡಿಟರ್ಜೆಂಟಿನ ಬಫರ್‌ನಿಂದ ಹತ್ತು ಪಟ್ಟು ತೆಳುಮಾಡಿದ ಮೇಲೆಯೇ ಪಿ53ಯನ್ನು ಹಿಡಿದೆಳೆಯುವ ಆಂಟಿಬಾಡಿ, ಇಲ್ಲದಿದ್ದರೆ ಎಸ್‌ಡಿಎಸ್ ಅದನ್ನೂ ಕೆಡಿಸುತ್ತದೆ.

ಬ್ಲಾಟ್‌ನಲ್ಲಿ ಮೂಲ ಪಟ್ಟಿಯಿಂದ ಮೇಲಕ್ಕೆ ಸುಮಾರು 8.5 ಕಿಲೋಡಾಲ್ಟನ್‌ಗೊಂದು ಮೆಟ್ಟಿಲು, ಮೇಲೆ ಹೋದಂತೆ ಮೆಟ್ಟಿಲು ಅಳಿಸಿ ಬರೀ ಮಸಿ.

ಎಂಜಿ-132 ಪ್ರೋಟೀನು ಕತ್ತರಿಸುವ ಬೇರೆ ಕಿಣ್ವಗಳಾದ ಕ್ಯಾಲ್ಪೇನ್, ಕೆಥೆಪ್ಸಿನ್‌ಗಳನ್ನೂ ತಡೆಯುತ್ತದೆ. ಅದಕ್ಕೇ ಪ್ರೋಟಿಯಾಸೋಮನ್ನು ಹೆಚ್ಚು ಆರಿಸಿ ತಡೆಯುವ ಬೋರ್ಟೆಝೋಮಿಬ್‌ನಲ್ಲಿ, 100 ನ್ಯಾನೋಮೋಲಾರ್‌ನಷ್ಟು ಹಾಕಿ, ಮತ್ತೊಮ್ಮೆ ಮಾಡುತ್ತೇನೆ. 2003ರಲ್ಲಿ ಅಮೆರಿಕದಲ್ಲಿ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಔಷಧವಿದು. ಸುಲಭಕ್ಕೆ ಸಿಗುತ್ತವೆಂದು ಹೀಲಾ ಬದಲು 293ಟಿ ಕೋಶ ಹಿಡಿಯಬೇಡಿ, ಅಲ್ಲಿ ಎಸ್‌ವಿ40 ವೈರಸ್‌ನ ಲಾರ್ಜ್ ಟಿ ಆಂಟಿಜೆನ್ ಎಂಬ ಪ್ರೋಟೀನು ಪಿ53ಯನ್ನು ಮೊದಲೇ ಒಡೆಯದಂತೆ ಹಿಡಿದಿಟ್ಟಿರುತ್ತದೆ.